ಮನೆಬಾಗಿಲಿಗೆ ಬಂದ ಮಹಾವಿದ್ಯಾಲಯ

ಮಂಗೋಲಿಯದ ರಾಜಧಾನಿಯಾದ ಉಲಾನ್‌ಬಾತರ್ ನಗರದಲ್ಲಿ ಬತ್ತುಶಿಗ್ ಎಂಬ ಹದಿನೈದು ವರ್ಷದ ಬಾಲಕನಿದ್ದನು. 2012ರಲ್ಲಿ ಅವನು ಅಮೆರಿಕೆಯ ಪ್ರಖ್ಯಾತ ಎಂ.ಐ.ಟಿ. ವಿದ್ಯಾಸಂಸ್ಥೆಯು ನಡೆಸಿದ ವಿದ್ಯುನ್ಮಂಡಲಗಳ ಪಾಠಕ್ಕೆ ಸೇರಿದನು. ಆ ಸಂಸ್ಥೆಯಲ್ಲಿ ಎರಡನೆಯ ವರ್ಷದವರು ಓದುವ ಕಠಿಣ ವಿಷಯವದು. ಬಾಲಕನು ಊರು ಬಿಡಲಿಲ್ಲ. ಶುಲ್ಕವೆಂದು ಒಂದು ಕಾಸನ್ನೂ ತೆರಲಿಲ್ಲ. ಪಾಠವೇ ಅಂತರಜಾಲದ ಮೂಲಕ ಅವನಿದ್ದಲ್ಲಿಗೆ ಬಂದಿತು. ಫಲಿತಾಂಶ ಹೊರಬಿದ್ದಾಗ ಅವನಿಗೆ ಪೂರ್ಣ ಅಂಕ! ಮರುವರ್ಷವೇ ಎಂ.ಐ.ಟಿ. ಅವನಿಗೆ ಪ್ರವೇಶವಿತ್ತಿತು.

ಪಾಠದ ಮುಖ್ಯ ಅಧ್ಯಾಪಕರಾದ ಅನಂತ ಅಗರವಾಲರು ಮಂಗಳೂರಿನಲ್ಲಿ ಬೆಳೆದವರೆಂಬುದು ಕನ್ನಡಿಗರಿಗೆ ಹರ್ಷ ತರುವ ಸಂಗತಿ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಪಾಠಕ್ಕೆ ಹೆಸರು ಕೊಟ್ಟವರು ಸುಮಾರು 1,55,000 ಮಂದಿ, ತೇರ್ಗಡೆಯಾದವರು 7,157. ಜಾತ್ರೆಗೆ ಬಂದವರೆಲ್ಲ ತೇರೆಳೆಯುವುದಿಲ್ಲವಷ್ಟೆ. ಕುತೂಹಲಕ್ಕೆ ಇಣುಕಿ ನೋಡಿ ಹೋದವರು ಅನೇಕರು. ಅವರ ಮಾತು ಬೇರೆ. ಕಲಿಯಬೇಕೆಂದೇ ಬಂದು, ಗಣಿತದ ತಳಹದಿ ಸಾಲದೆಯೋ, ಇಂಗ್ಲಿಷು ತೊಡರಾಗಿಯೋ, ದುಡಿದು ದಣಿದೋ ನಡುದಾರಿಯಲ್ಲಿ ನಿಂತವರ ವಿಚಾರ ಮಾತ್ರ ಹಾಗೆ ಮರೆಯತಕ್ಕದ್ದಲ್ಲ.

ಬತ್ತುಶಿಗನು ಹೇಗೆ ನಿಲ್ಲದೆ ನಡೆದನು? ಬುದ್ಧಿವಂತನೇನೋ ಹೌದು. ಆದರೆ ಅವನ ಶಾಲೆಯ ಮುಖ್ಯೋಪಾಧ್ಯಾಯರು ಸ್ವತಃ ಎಂ.ಐ.ಟಿ.ಯಲ್ಲಿ ಓದಿದವರು. ಸುಮಾರು ಇಪ್ಪತ್ತು ಮಕ್ಕಳನ್ನು ಕೂಡಿಸಿ ಅವರಿಗೆ ಈ ಪಾಠ ಹಿಡಿಸಿದವರು ಅವರೇ. ಅವರ ಗೆಳೆಯರೊಬ್ಬರು ಪ್ರಯೋಗದ ಉಪಕರಣಗಳೊಡನೆ ಅಮೆರಿಕೆಯಿಂದ ಬಂದು, ಮಕ್ಕಳ ಕೈಯಲ್ಲೇ ಮಂಡಲಗಳನ್ನು ಕಟ್ಟಿಸಿದರು. ಸಹಪಾಠಿಗಳು ತೊಡಕಿನಲ್ಲಿ ಸಿಕ್ಕಿದಾಗ ಬತ್ತುಶಿಗನೇ ಮಂಗೋಲಿ ಭಾಷೆಯಲ್ಲಿ ವಿವರಣೆಯ ಚಿತ್ರಗಳನ್ನು ತಯಾರಿಸಿದನು. ಮನೆಯ ಬಳಿ ಆಡುವ ತಂಗಿಗೆ ಅಪಾಯವಾಗದಿರಲೆಂದು, ಕಾರುಖಾನೆಯಿಂದಲ್ಲ, ಕಾರು ನಿಲ್ಲಿಸುವ ಕೋಣೆಯಿಂದ ಗಾಡಿ ಹೊರಡುವಾಗ ಕೂಗುವ ಯಂತ್ರವನ್ನೂ ಮಾಡಿದ್ದನು. ಅವನ ಯಶಸ್ಸನ್ನು ಕೊಂಡಾಡುವವರು ಈ ಮುಖ್ಯೋಪಾಧ್ಯಾಯರನ್ನೂ ಗೆಳೆಯರನ್ನೂ ಸಾಮಾನ್ಯವಾಗಿ ಮರೆತುಬಿಡುತ್ತಾರೆ.

‘ಉಚಿತ’ವೆಂಬ ಮಾತಿಗೂ ಮಿತಿಯುಂಟು. ಎಂ.ಐ.ಟಿ. ಮತ್ತು ಹಾರ್ವರ್ಡ್ ಜತೆಗೂಡಿ ಸ್ಥಾಪಿಸಿದ ಎಡ್‌ಎಕ್ಸ್ ಸಂಸ್ಥೆಯು ಮೊದಮೊದಲು ಪ್ರಮಾಣಪತ್ರವನ್ನೂ ಪುಕ್ಕಟೆಯಾಗಿ ಕೊಡುತ್ತಿತ್ತು. 2015ರ ಕೊನೆಗೆ ಅದನ್ನು ನಿಲ್ಲಿಸಿತು.

ಭಾರತದಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಆರಂಭಿಸಿದವು. ಇಲ್ಲಿ ಪಾಠಕ್ಕೆ ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಗೊತ್ತಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಹಲವು ಪಾಠಗಳು ಕನ್ನಡಕ್ಕೂ ಬಂದಿವೆ. ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲಲು ಮಾರ್ಗದರ್ಶಕ ಅಧ್ಯಾಪಕರ ಏರ್ಪಾಡೂ ಇದೆ. ಇದು ಮೆಚ್ಚತಕ್ಕ ವಿಷಯ. ಕಾಲೇಜನ್ನು ಎಂದೋ ಬಿಟ್ಟು, ಮನೆಗೆಲಸ ಮುಗಿಸಿ ರಾತ್ರಿ ಹತ್ತು ಗಂಟೆಗೆ ಪಾಠ ತೆರೆಯುವ ಗೃಹಿಣಿಯ ಪಕ್ಕದಲ್ಲಿ ಕುಳಿತು ತಪ್ಪು ತಿದ್ದುವವರು ಮಾತ್ರ ಇನ್ನೂ ಬಂದಿಲ್ಲ.