ಶಾಸ್ತ್ರದಾನ ಮತ್ತು ಮುಕ್ತ ಪ್ರಕಟಣೆ

ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಸುವಿದಿತವಾದುದು. ಓಲೆ, ಲಿಪಿಕಾರನ ಶ್ರಮ ಇವುಗಳ ವೆಚ್ಚವನ್ನು ದಾನಿಯು ಹೊತ್ತುದರಿಂದ ಓದುಗನಿಗೆ ಗ್ರಂಥವು ಬೆಲೆಯಿಲ್ಲದೆ ದೊರೆಯಿತು.

ಇಂದಿನ ಸಂಶೋಧನ ಲೇಖನಗಳ ಮುಕ್ತ ಪ್ರಕಟಣೆಯಲ್ಲಿಯೂ ವೆಚ್ಚವು ಇಲ್ಲವಾಗುವುದಿಲ್ಲ. ಅದನ್ನು ಹೊರುವವರು ಬದಲಾಗುತ್ತಾರೆ. ಅನೇಕ ಪತ್ರಿಕೆಗಳು ಓದುಗನಿಂದ ಚಂದಾ ಪಡೆಯದೆ ಲೇಖಕನಿಂದ ಪ್ರಕಟಣ ಶುಲ್ಕವನ್ನು ಪಡೆಯುತ್ತವೆ. ಈ ಶುಲ್ಕವನ್ನು ಭರಿಸಲು ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯವು 2008ರಲ್ಲಿ ನಿಧಿಯೊಂದನ್ನು ತೆರೆಯಿತು. 2009ರಲ್ಲಿ ಹಾರ್ವರ್ಡ್, ಕಾರ್ನೆಲ್, ಡಾರ್ಟ್‌ಮತ್, ಎಂ.ಐ.ಟಿ. ಮತ್ತು ಬರ್ಕಲಿ ಇಂತಹ ನೆರವಿಗೆ ಕೂಡಿ ಸಂಕಲ್ಪ ಮಾಡಿದವು. ಚಂದಾ ಪಡೆಯುತ್ತಲೇ ಲೇಖಕನಿಂದಲೂ ಶುಲ್ಕ ಬಯಸುವ ಪತ್ರಿಕೆಗಳನ್ನು ಹಾರ್ವರ್ಡ್ ತನ್ನ ನಿಧಿಯಿಂದ ಹೊರಗಿಟ್ಟಿತು. ಒಂದೇ ಪತ್ರಿಕೆಗೆ ಎರಡು ಬಗೆಯಲ್ಲಿ ಹಣ ತೆರುವುದು ಯುಕ್ತವಲ್ಲವಷ್ಟೆ.

ಆದರೆ ಇಂತಹ ನಿಧಿಗಳು ಆಯಾ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಮೀಸಲು. ಮಠ, ಬಸದಿಗಳ ಭಂಡಾರಗಳಲ್ಲಿ ಕುಳಿತು ಸ್ವಂತ ವೆಚ್ಚದಿಂದ ಓಲೆಗರಿಗಳನ್ನು ಪರಿಶೋಧಿಸುವ ವಿದ್ವಾಂಸನಿಗೆ ಅವು ಎಟುಕವು. ಓದುಗನಿಗೆ ತೆರೆದ ಬಾಗಿಲು ಲೇಖಕನಿಗೆ ಮುಚ್ಚಿದಂತಾಗುವ ಅಪಾಯವಿದೆ. ಇಬ್ಬರಿಂದಲೂ ಹಣ ಕೇಳದ ಪತ್ರಿಕೆಗಳೂ ಉಂಟು. ಲೇಖನದ ಪ್ರತಿಯನ್ನು ಸರ್ವರಿಗೂ ತೆರೆದಿಡುವ ವಿಶ್ವವಿದ್ಯಾಲಯಗಳ ವಿದ್ಯುನ್ಮಾನ ಭಂಡಾರಗಳೂ ಉಂಟು. ಗ್ರಂಥಾಲಯದ ಧನವು ಇವುಗಳ ಪೋಷಣೆಗೂ ಸಲ್ಲುವುದಾದರೆ ಅದು ಶಾಸ್ತ್ರದಾನದ ಆಶಯಕ್ಕೆ ಹೆಚ್ಚು ಸಮೀಪವಾದೀತು.