ಸಲಹೆಯು ಕಡತದಲ್ಲಿ ಮಲಗಬಾರದು

ನಮ್ಮ ದೇಶದಲ್ಲಿ ಕೆಲಸಗಾರರ ಪ್ರಾಣರಕ್ಷಣೆಗಾಗಿ ಆಗಿರುವ ಕಾನೂನುಗಳ ಚರಿತ್ರೆಯನ್ನು ಪರಾಮರ್ಶಿಸಿದರೆ ಒಂದು ಸಂಗತಿಯು ಎದ್ದು ಕಾಣುವುದು. ಮೊದಲು ಹೆಣಗಳು ಬೀಳುವುವು; ಆಮೇಲೆ ವಿಚಾರಣೆ ನಡೆಯುವುದು; ಕಟ್ಟಕಡೆಗೆ ಕಾನೂನು ಹುಟ್ಟುವುದು. 1897ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಒಂದೇ ಅಪಘಾತದಿಂದ 52 ಮಂದಿ ಮಡಿದರು. ಆ ಕಾಲದ ಇಂಥ ದುರಂತಗಳ ಬಳಿಕ, 1901ರಲ್ಲಿ, ಇಂಡಿಯಾದ ಮೊದಲನೆಯ ಗಣಿ ಕಾನೂನು ಬಂದಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ಸಾವಿರಾರು ಮಂದಿ ಮಲಗಿದ್ದಲ್ಲಿಯೇ ವಿಷವಾಯುವಿಗೆ ತುತ್ತಾದರು. 1987ರಲ್ಲಿ ಕಾರ್ಖಾನೆಗಳ ಕಾನೂನಿಗೆ ಅಪಾಯಕರ ಕೈಗಾರಿಕೆಗಳ ವಿಷಯವಾದ ಹೊಸ ಅಧ್ಯಾಯವು ಸೇರಿತು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮವರ ಗಾದೆಗೆ ಇದಕ್ಕಿಂತ ದೊಡ್ಡ ದೃಷ್ಟಾಂತವು ಬೇಕಿಲ್ಲ.

ಈ ಕ್ರಮವನ್ನು ತಿರುಗಿಸಿ, ಸಾವಿಗಿಂತ ಮುಂಚೆ ಮಾತನಾಡತಕ್ಕ ಒಂದು ಸಭೆಯು ರಾಜ್ಯಾಡಳಿತದಲ್ಲಿ ಇರಬೇಕೆಂಬುದೇ ಸಲಹಾ ಮಂಡಲಿಗಳ ಹಿಂದಿರುವ ಭಾವನೆ. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಕೇಂದ್ರದಲ್ಲಿ ಒಂದು ರಾಷ್ಟ್ರೀಯ ಸಲಹಾ ಮಂಡಲಿಯನ್ನೂ, ರಾಜ್ಯಗಳಲ್ಲಿ ರಾಜ್ಯ ಸಲಹಾ ಮಂಡಲಿಗಳನ್ನೂ ವಿಧಿಸಿದೆ. ಗಣಿ, ಬಂದರು, ಕಟ್ಟಡದ ಕೆಲಸ ಮೊದಲಾದವುಗಳಿಗೆ ಹಿಂದೆ ಬೇರೆ ಬೇರೆ ಸಮಿತಿಗಳಿದ್ದುವು. ಸಂಹಿತೆಯಲ್ಲಿ ಅವೆಲ್ಲಕ್ಕೂ ಬದಲಾಗಿ ರಾಷ್ಟ್ರಕ್ಕೊಂದೇ ಮಂಡಲಿ. ಕೇಂದ್ರ ಕಾರ್ಮಿಕ ಇಲಾಖೆಯ ಕಾರ್ಯದರ್ಶಿಗಳು ಇದರ ಅಧ್ಯಕ್ಷರು. ಗಣಿ ಸುರಕ್ಷತೆ, ಕಾರ್ಖಾನೆ, ಆರೋಗ್ಯ, ಕಾರ್ಮಿಕ ವಿಮೆ ಮುಂತಾದ ಇಲಾಖೆಗಳ ಮುಖ್ಯಾಧಿಕಾರಿಗಳೂ, ಸರದಿಯ ಮೇಲೆ ಕೆಲವು ರಾಜ್ಯಗಳ ಕಾರ್ಮಿಕ ಕಾರ್ಯದರ್ಶಿಗಳೂ, ಮಾಲಿಕರ ಮತ್ತು ನೌಕರರ ಪ್ರತಿನಿಧಿಗಳೂ, ವಿಷಯಜ್ಞರೂ ಇದರಲ್ಲಿ ಕೂಡತಕ್ಕವರು. ಸುರಕ್ಷತೆಯ ಮಟ್ಟಗಳು ಯಾವುವು, ನಿಯಮಗಳು ಹೇಗಿರಬೇಕು, ಅವು ಜಾರಿಯಲ್ಲಿ ಹೇಗೆ ನಡೆಯುತ್ತಿವೆ ಎಂಬುದನ್ನು ಕುರಿತು ಸರ್ಕಾರಕ್ಕೆ ಸಲಹೆ ಕೊಡುವುದೇ ಇದರ ಕೆಲಸ.

ಏರ್ಪಾಡು ಒಳ್ಳೆಯದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸಲಹೆಯೆಂಬುದು ಕೇಳುವವರಿದ್ದರೆ ಮಾತ್ರ ಸಲಹೆ. ಇಲ್ಲದಿದ್ದರೆ ಅದು ಬರಿಯ ಕಾಗದ. ಇದನ್ನು ಭೋಪಾಲದ ವೃತ್ತಾಂತವೇ ನಮಗೆ ಕಲಿಸಿಕೊಡುವುದು. ಅಲ್ಲಿನ ದುರಂತವು ಮುನ್ಸೂಚನೆಯಿಲ್ಲದೆ ಬಂದುದಲ್ಲ. 1981ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲವು ಸೋರಿ ಒಬ್ಬ ಕೆಲಸಗಾರನು ಸತ್ತನು. 1982ರ ಮೇ ತಿಂಗಳಲ್ಲಿ ಕಂಪೆನಿಯ ತಜ್ಞರೇ ಅಮೆರಿಕದಿಂದ ಬಂದು, ಕಾರ್ಖಾನೆಯನ್ನು ಪರೀಕ್ಷಿಸಿ, ಅದರ ದೋಷಗಳನ್ನು ವರದಿಯಲ್ಲಿ ಬರೆದಿಟ್ಟರು. ಊರಿನ ಪತ್ರಿಕೋದ್ಯೋಗಿ ರಾಜಕುಮಾರ ಕೇಸ್ವಾನಿಯವರು ಅದೇ ವರ್ಷದಲ್ಲಿ ಮುಂಬರುವ ಗಂಡಾಂತರವನ್ನು ಸಾರಿ ಬರೆದರು. ಇಷ್ಟಾದರೂ, 1984ರ ಆ ರಾತ್ರಿ ವಿಷದ್ರವವನ್ನು ತಂಪಾಗಿಡತಕ್ಕ ಯಂತ್ರವು ತಿಂಗಳುಗಳಿಂದ ನಿಂತುಹೋಗಿದ್ದಿತು. ಸೋರಿದ ಅನಿಲವನ್ನು ಸುಟ್ಟುಹಾಕತಕ್ಕ ಗೋಪುರವು ದುರಸ್ತಿಗಾಗಿ ಬಿಚ್ಚಲ್ಪಟ್ಟಿದ್ದಿತು. ಅಲ್ಲಿ ಕೊರತೆಯಾದದ್ದು ತಿಳಿವಳಿಕೆಯಲ್ಲ. ತಿಳಿದವರ ಮಾತಿಗೆ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು.

ಅನಿಲ ಸೋರಿ ಒಂದೇ ರಾತ್ರಿಯಲ್ಲಿ ಸಾಯುವವರ ಕಥೆಯನ್ನಾದರೂ ಲೋಕವು ಕೇಳುತ್ತದೆ. ಧೂಳನ್ನು ಕುಡಿದು ಹತ್ತಿಪ್ಪತ್ತು ವರ್ಷ ಸಾಯುವವರ ಕಥೆಯನ್ನು ಕೇಳುವವರಾರು? ಕಲ್ಲಿನ ಸೂಕ್ಷ್ಮವಾದ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಉಂಟಾಗುವ ಸಿಲಿಕೋಸಿಸ್ ರೋಗವು ಇಂಡಿಯಾದಲ್ಲಿ ಮೊದಲು ವರದಿಯಾದುದು ನಮ್ಮ ಕೋಲಾರದ ಗಣಿಗಳಿಂದಲೇ, 1947ರಲ್ಲಿ. ಅಂದು ಪರೀಕ್ಷಿಸಲ್ಪಟ್ಟ ಸಾವಿರಾರು ಕೆಲಸಗಾರರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಈ ರೋಗವು ತಗುಲಿದ್ದಿತು. ಆ ಗಣಿಗಳನ್ನು 2001ರಲ್ಲಿ ಮುಚ್ಚಿದರು. ಆದರೆ ಧೂಳು ಗಣಿಯೊಡನೆ ಹೂತುಹೋಗಲಿಲ್ಲ. ಜಲ್ಲಿ ಒಡೆಯುವ ಕಡೆಗಳಲ್ಲಿಯೂ, ಕಲ್ಲು ಕೊಯ್ಯುವ ಕಡೆಗಳಲ್ಲಿಯೂ ಅದೇ ಧೂಳು ಏಳುತ್ತಿದೆ. ಈ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ; ಬಾರದಂತೆ ತಡೆಯುವುದೊಂದೇ ಮಾರ್ಗ. ಮುಂಚಿತವಾಗಿ ಮಾತನಾಡತಕ್ಕ ಮಂಡಲಿಯ ಅವಶ್ಯಕತೆಯು ಇಲ್ಲಿ ಕಂಡಷ್ಟು ಮತ್ತೆಲ್ಲಿಯೂ ಕಾಣದು.

ಮಂಡಲಿಯ ಹೊಣೆಯು ಈಗ ಹಿಂದಿಗಿಂತ ಹೆಚ್ಚಾಗಿರುವುದಕ್ಕೆ ಮತ್ತೊಂದು ಕಾರಣವೂ ಉಂಟು. ಹಳೆಯ ಕಾನೂನಿನಂತೆ ವಿದ್ಯುಚ್ಛಕ್ತಿ ಮುಂತಾದ ಶಕ್ತಿಯನ್ನು ಬಳಸುವಲ್ಲಿ 10 ಮಂದಿ, ಬಳಸದಲ್ಲಿ 20 ಮಂದಿ ಕೆಲಸಗಾರರಿದ್ದರೆ ಅದು ಕಾರ್ಖಾನೆಯೆನಿಸುತ್ತಿದ್ದಿತು. ಹೊಸ ಸಂಹಿತೆಯಲ್ಲಿ ಈ ಅಂಕಿಗಳು 20 ಮತ್ತು 40 ಆಗಿವೆ. ತನಿಖಾಧಿಕಾರಿಯು ಇನ್ನು ಮುಂದೆ ತನಿಖೆಗಾರನೂ ಮಾಲಿಕರಿಗೆ ಮಾರ್ಗದರ್ಶಕನೂ ಆಗಿರತಕ್ಕವನು. ವ್ಯಾಪಾರಕ್ಕೆ ಅನುಕೂಲವಾಗಲೆಂಬ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೇಲಿಯನ್ನು ಹಿಂದಕ್ಕೆ ಸರಿಸಿದಾಗ ಕಾವಲುಗಾರನು ಹೆಚ್ಚು ಎಚ್ಚರವಾಗಿರಬೇಕಷ್ಟೆ. ಪ್ರಾಣಾಪಾಯಕರವಾದ ಕೆಲಸವೆಂದು ಸರ್ಕಾರವು ಪ್ರಕಟಿಸಿದಲ್ಲಿ, ಒಬ್ಬನೇ ಕೆಲಸಗಾರನಿದ್ದರೂ ಸಂಹಿತೆಯು ಅನ್ವಯಿಸುವುದು. ಅಂಥ ಕೆಲಸಗಳು ಯಾವುವೆಂಬುದನ್ನು ಧೈರ್ಯವಾಗಿ ಹೆಸರಿಸಿ ಹೇಳುವುದೇ ಮಂಡಲಿಯ ಮೊದಲ ಪರೀಕ್ಷೆಯೆಂದು ನಮ್ಮ ಅಭಿಪ್ರಾಯ.

ಸಲಹೆ ಕೊಡುವವರಿಗೇ ಅಧಿಕಾರವನ್ನೂ ಕೊಟ್ಟರೆ, ಪ್ರಜೆಗಳಿಗೆ ಜವಾಬುದಾರರಾದ ಮಂತ್ರಿಗಳು ಇರುವುದೇತಕ್ಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯು ನ್ಯಾಯವಾದುದೇ. ಮಂಡಲಿಯು ಆಜ್ಞೆ ಮಾಡಬೇಕೆಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು ಮೂರೇ ಮೂರು. ಒಂದನೆಯದು, ಮಂಡಲಿಯು ಕೊಟ್ಟ ಸಲಹೆಗಳೆಲ್ಲವೂ ದೇಶಭಾಷೆಗಳಲ್ಲಿ ಪ್ರಕಟವಾಗಬೇಕು. ಎರಡನೆಯದು, ಸರ್ಕಾರವು ಒಂದು ಸಲಹೆಯನ್ನು ನಿರಾಕರಿಸಿದರೆ, ಗೊತ್ತಾದ ಅವಧಿಯೊಳಗೆ ಅದಕ್ಕೆ ಕಾರಣವನ್ನು ಬರೆದು ತಿಳಿಸಬೇಕು. ಮೂರನೆಯದು, ನೌಕರರ ಪ್ರತಿನಿಧಿಗಳಾಗಿ ಆರಿಸಲ್ಪಡುವವರಲ್ಲಿ ಕೆಲವರಾದರೂ ಯಂತ್ರದ ಮುಂದೆ ನಿಂತು, ಧೂಳಿನಲ್ಲಿ ಉಸಿರಾಡಿ, ಸಾರುವೆಯ ಮೇಲೆ ಹತ್ತಿ ಇಳಿದು ಬಂದವರಾಗಿರಬೇಕು. ಇವುಗಳಿಗೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ವೆಚ್ಚವೂ ಬೇಕಿಲ್ಲ, ಮನಸ್ಸು ಬೇಕು.

ಕೆಲಸಗಾರನ ಆರೋಗ್ಯವು ಧಣಿಯ ದಯೆಯಿಂದ ದೊರೆಯತಕ್ಕ ಭಿಕ್ಷೆಯಲ್ಲ. ಅದು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನ ಅಂಗವೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ, ಕಲ್ನಾರಿನ ಕಾರ್ಖಾನೆಗಳ ಕೆಲಸಗಾರರ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿದೆ. ಹಕ್ಕೆಂದ ಮೇಲೆ ಅದನ್ನು ಕಾಯುವ ಸಭೆಯ ಮಾತು ಮುಚ್ಚಿದ ಬಾಗಿಲೊಳಗೆ ಅಡಗಿರುವುದು ಯುಕ್ತವಲ್ಲ. ಬೆಂಗಳೂರಿನ ಗಗನಚುಂಬಿ ಕಟ್ಟಡಗಳನ್ನು ಕಟ್ಟುವ ಕೈಗಳು, ಸಿದ್ಧ ಉಡುಪುಗಳನ್ನು ಹೊಲಿಯುವ ಕೈಗಳು ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಕೇಂದ್ರದಿಂದ ಮೇಲ್ಪಂಕ್ತಿ ಬರಲೆಂದು ಕಾಯದೆ, ನಮ್ಮ ರಾಜ್ಯ ಮಂಡಲಿಯ ವಿಷಯದಲ್ಲಿ ಕರ್ನಾಟಕವೇ ಈ ಮೂರು ಪದ್ಧತಿಗಳನ್ನು ಮೊದಲು ಆಚರಣೆಗೆ ತರಲಿ. ಅಧಿಕಾರದಲ್ಲಿರುವ ವಾಚಕರು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ. ಮುಂದಿನ ಕಾನೂನಾದರೂ ಹೆಣಗಳನ್ನೆಣಿಸಿ ಬರೆದುದಾಗದೆ, ಎಚ್ಚರಿಕೆಯ ಮಾತನ್ನು ಕೇಳಿ ಬರೆದುದಾಗಲಿ.