ಕೆಂಧೂಳಿನ ಸೀಮೆಯಲ್ಲಿ ಏಸಿಯ ಪಾಲನೆ

ಜನರ ಬಾಯಲ್ಲಿ ಏಸಿ ಎಂದಾಗಿರುವ ಹವಾನಿಯಂತ್ರಕದ ಕೆಲಸವೆಂದರೆ ಕೋಣೆಯೊಳಗಿನ ಶಾಖವನ್ನು ಹೀರಿ ಹೊರಗಿನ ಗಾಳಿಗೆ ಬಿಡುವುದು. ಶೀತಕವೆಂಬ ದ್ರವವು ಒಳಗಿನ ತಾಮ್ರದ ಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ, ಆವಿಯಾಗುತ್ತ ಶಾಖವನ್ನು ಸೆಳೆದುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಸುರುಳಿಗೆ ಕಳಿಸಿದಾಗ ಅದು ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಈ ಎರಡೂ ಸುರುಳಿಗಳ ಮೇಲೆ ಗಾಳಿ ಸರಾಗವಾಗಿ ಹರಿಯುವವರೆಗೆ ವಿದ್ಯುತ್ತಿನ ಖರ್ಚು ಹಿಡಿತದಲ್ಲಿರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುವ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಈ ಹರಿವಿಗೆ ಅಡ್ಡ ಬರುವ ದೊಡ್ಡ ಶತ್ರು ಧೂಳು.

ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಮುಂದೆ ಕಟ್ಟುನಿಟ್ಟಿನ ಷರತ್ತುಗಳೊಡನೆ ಮತ್ತೆ ಅನುಮತಿಸಿತು. ಆದರೆ ಅದಿರು ಸಾಗಿಸುವ ಲಾರಿಗಳ ದಾರಿಯಲ್ಲಿರುವ ಮನೆಗಳಿಗೆ ಕೆಂಧೂಳು ಇಂದಿಗೂ ನಿತ್ಯದ ಸಂಗತಿ. ಹಿಟ್ಟಿನಷ್ಟು ನುಣುಪಾದ ಈ ಧೂಳು ಹೊರಗಿನ ಘಟಕದ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ನಡುವೆ ಸೇರಿ, ಮಳೆಹನಿಯೋ ಇಬ್ಬನಿಯೋ ತಾಗಿದಾಗ ಕೆಸರಾಗಿ ಅಂಟಿ, ಒಣಗಿದ ಮೇಲೆ ಗಟ್ಟಿ ಪದರವಾಗುತ್ತದೆ. ಆಗ ಶಾಖವು ಹೊರಹೋಗಲಾರದೆ ಶೀತಕದ ಒತ್ತಡ ಏರುತ್ತದೆ, ಕಂಪ್ರೆಸರ್ ಅದೇ ತಂಪಿಗೆ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಕೊನೆಗೆ ಮಿತಿಮೀರಿ ಕಾದು ನಡುಮಧ್ಯಾಹ್ನವೇ ನಿಂತುಬಿಡುತ್ತದೆ. ಕಂಪ್ಲಿಯ ಕಷ್ಟ ಬೇರೆ ಬಗೆಯದು. ತುಂಗಭದ್ರೆಯ ನೀರಿನಲ್ಲಿ ಬೆಳೆಯುವ ಬೇಸಿಗೆ ಭತ್ತದ ಕೊಯ್ಲು ಸೆಕೆಯ ದಿನಗಳಲ್ಲೇ ಬರುವುದರಿಂದ, ಏಸಿಯ ಅಗತ್ಯ ಅತಿ ಹೆಚ್ಚಿರುವಾಗಲೇ ಹೊಟ್ಟು ಮತ್ತು ಹುಲ್ಲಿನ ಎಳೆಗಳು ಜಾಲರಿಗೆ ಮೆತ್ತಿಕೊಳ್ಳುತ್ತವೆ.

ಹೊರಗಿನ ಘಟಕವನ್ನು ಶುಚಿ ಮಾಡುವ ಕ್ರಮವೂ ಧೂಳಿನ ಸ್ವಭಾವಕ್ಕೆ ತಕ್ಕಂತಿರಬೇಕು. ಎಂಸಿಬಿಯನ್ನು ಇಳಿಸಿ ವಿದ್ಯುತ್ತನ್ನು ಸಂಪೂರ್ಣ ಕಡಿದ ಮೇಲೆ, ಮೊದಲು ಮೃದುವಾದ ಬ್ರಷ್ಷಿನಿಂದ ಅಥವಾ ಬ್ಲೋವರಿನಿಂದ ಒಣಧೂಳನ್ನು ತೆಗೆಯಬೇಕು. ನೇರವಾಗಿ ನೀರು ಹಾಯಿಸಿದರೆ ಅದಿರಿನ ಧೂಳು ಕೆಸರಾಗಿ ಇನ್ನಷ್ಟು ಒಳಕ್ಕೆ ಇಳಿಯುತ್ತದೆ. ಅನಂತರ ಕಡಿಮೆ ಒತ್ತಡದ ನೀರನ್ನು, ಸಾಧ್ಯವಾದಲ್ಲಿ ಒಳಗಿನಿಂದ ಹೊರಮುಖವಾಗಿ, ಹರಿಸಬೇಕು. ಬೋರ್‌ವೆಲ್‌ನ ಗಡಸು ನೀರು ಒಣಗಿದಾಗ ಸುಣ್ಣದಂಥ ಲವಣವನ್ನು ಉಳಿಸುವುದರಿಂದ ಕೊನೆಯ ತೊಳೆತಕ್ಕೆ ಮೆದು ನೀರೇ ಒಳ್ಳೆಯದು. ವಾಹನ ತೊಳೆಯುವ ಪಂಪಿನ ರಭಸ ಹಾಳೆಗಳನ್ನು ಮಡಚುತ್ತದೆ, ಆಸಿಡ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಇವೆರಡನ್ನೂ ಖಂಡಿತವಾಗಿ ದೂರವಿಡಬೇಕು.

ಒಳಗಿನ ಫಿಲ್ಟರನ್ನು ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ತೊಳೆಯಬೇಕೆಂಬುದು ಸಾಮಾನ್ಯ ಸಲಹೆಯಾದರೂ ಸಂಡೂರಿನ ರಸ್ತೆಬದಿಯ ಮನೆಗಳಲ್ಲಿ ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸುವುದೇ ಯುಕ್ತ. ಹಂಪಿಯ ಪ್ರವಾಸಿಗರನ್ನು ನಂಬಿದ ಹೊಸಪೇಟೆ, ಕಮಲಾಪುರಗಳ ವಸತಿಗೃಹಗಳಲ್ಲಿ ಕೋಣೆಗಳು ಕೆಲವು ತಿಂಗಳು ಮುಚ್ಚಿಯೇ ಇರುವುದುಂಟು. ಅಲ್ಲಿ ನೀರಿನ ಹೊರಕೊಳವೆಯಲ್ಲಿ ಪಾಚಿ ಕಟ್ಟಿ ಗೋಡೆಗೆ ನೀರು ಇಳಿಯದಂತೆ ಮೊದಲೇ ನೋಡಿಕೊಳ್ಳುವುದು ಅಗತ್ಯ.

ಫಿಲ್ಟರ್ ಕಟ್ಟಿಕೊಂಡಾಗ ಆಗುವ ಒಂದು ತಪ್ಪುಗ್ರಹಿಕೆಯಿಂದ ಬಹಳ ಮಂದಿ ಹಣ ಕಳೆದುಕೊಳ್ಳುತ್ತಾರೆ. ಗಾಳಿ ಸಾಲದೆ ಒಳಸುರುಳಿಯ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಅದರ ಮೇಲೆ ಹಿಮ ಕಟ್ಟುತ್ತದೆ, ಕೋಣೆ ತಂಪಾಗುವುದಿಲ್ಲ, ಗ್ಯಾಸ್ ಮುಗಿದಿದೆ ಎಂಬ ತೀರ್ಮಾನವಾಗುತ್ತದೆ. ಗ್ಯಾಸ್ ಎಂದು ಕರೆಯಲಾಗುವ ಶೀತಕ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ. ಸೋರಿದ್ದು ವಾತಾವರಣಕ್ಕೂ ಕೆಟ್ಟದ್ದು: ಹಳೆಯ ಆರ್-22 ಅನಿಲ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,800 ಪಟ್ಟು, ಈಗ ವ್ಯಾಪಕವಾಗಿರುವ ಆರ್-32 ಸುಮಾರು 675 ಪಟ್ಟು ಭೂಮಿಯನ್ನು ಬಿಸಿಯಾಗಿಸಬಲ್ಲವು. ಆರ್-32 ತುಸು ದಹನಶೀಲವೂ ಆದ್ದರಿಂದ ಅದರ ದುರಸ್ತಿ ತರಬೇತಿ ಪಡೆದವರ ಕೆಲಸ.

ಯಂತ್ರದ ಹೊರೆಯನ್ನು ಮನೆಯೇ ತಗ್ಗಿಸಬಹುದು. ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳ ದಪ್ಪ ಛಾವಣಿ ಹಗಲಿನ ಬಿಸಿಲನ್ನು ಬೇಗನೆ ಒಳಕ್ಕೆ ಬಿಡುತ್ತಿರಲಿಲ್ಲ. ಇಂದಿನ ಆರ್‌ಸಿಸಿ ತಾರಸಿ ಸಂಜೆಯವರೆಗೂ ಶಾಖವನ್ನು ಕೋಣೆಗೆ ಇಳಿಸುತ್ತದೆ, ಅದಕ್ಕೆ ಬಳಿದ ಬಿಳಿ ಸುಣ್ಣ ಅಗ್ಗದ ಪರಿಹಾರ. ಇಂಧನ ದಕ್ಷತಾ ಬ್ಯೂರೋದ ಕ್ರಮದಂತೆ 2020ರ ಜನವರಿ 1ರಿಂದ ನಕ್ಷತ್ರದ ಗುರುತಿನ ಕೋಣೆಯ ಏಸಿಗಳು 24 ಡಿಗ್ರಿಯಲ್ಲೇ ಆರಂಭವಾಗುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಬ್ಯೂರೋದ ಅಂದಾಜು. ಫ್ಯಾನಿನ ಗಾಳಿಯೊಡನೆ 26 ಡಿಗ್ರಿಯೂ ಹಿತವಾಗಿಯೇ ಇರುತ್ತದೆ.

ಯುಗಾದಿಗೆ ಮುನ್ನ ಒಮ್ಮೆ, ಭತ್ತದ ಸೀಮೆಯಲ್ಲಿ ಕೊಯ್ಲು ಮುಗಿದೊಡನೆ ಇನ್ನೊಮ್ಮೆ, ಹೊರಗಿನ ಘಟಕವನ್ನು ಶುಚಿ ಮಾಡಿಸುವುದು ಒಳಿತು. ದುರಸ್ತಿಗೆ ಬಂದವರು ಸೋರಿಕೆಯ ಜಾಗವನ್ನು ತೋರಿಸಿ, ಮುಚ್ಚಿ, ಕೊಳವೆಗಳನ್ನು ನಿರ್ವಾತಗೊಳಿಸಿದ ಮೇಲಷ್ಟೇ, ಅದೂ ತಕ್ಕಡಿಯಲ್ಲಿ ತೂಗಿ, ಗ್ಯಾಸ್ ತುಂಬಬೇಕೆಂದು ಬಳಕೆದಾರರು ಪಟ್ಟುಹಿಡಿಯಬೇಕು.